ಒಬ್ಬರೇ ಹೋದರೆ ಸೋರುವ ವಿಮಾನ

"ನಿಮ್ಮ ವಿಮಾನ ಪೆಟ್ರೋಲ್ ಕುಡೀತಿದೆಯೋ, ನೀವೇ ಕುಡೀತಿದ್ದೀರೋ?"

ನಾನು ಅವರಿಗೆ ಹೇಳಿದ ಮೊದಲ ಮಾತು ಇದು. ಬೇರೆಯವರಾದರೆ ನಮಸ್ಕಾರ ಎನ್ನುತ್ತಿದ್ದರು. ನನ್ನ ಬಾಯಿಗೆ ಆ ಅಭ್ಯಾಸವಿಲ್ಲ. ಈ ಬಾಯಿಯಿಂದಲೇ ನಲವತ್ತಾದರೂ ನನಗೆ ಮದುವೆಯಾಗಿಲ್ಲ ಎಂದು ಚಿಕ್ಕಮ್ಮ ಹೇಳುತ್ತಾಳೆ, ಅವಳ ಬಾಯಿ ನನ್ನದಕ್ಕಿಂತ ಒಂದು ಕೈ ಮೇಲೆ ಎನ್ನುವುದನ್ನು ಮರೆತು.

ಅವರು ರೆಕ್ಕೆಯ ಪಕ್ಕ ಮಂಡಿಯೂರಿ ಕೂತು, ಟ್ಯಾಂಕಿನೊಳಗೆ ಅಳತೆಯ ಕಡ್ಡಿ ಇಳಿಸಿ, ಮೇಲೆತ್ತಿ, ಬೆಳಕಿಗೆ ಹಿಡಿದು ನೋಡುತ್ತಿದ್ದರು. ಮಗುವಿನ ಜ್ವರ ನೋಡಿದ ಹಾಗೆ. ನನ್ನ ಮಾತು ಕೇಳಿ ತಲೆಯೆತ್ತಿದರು. ನಕ್ಕರು, ಆದರೆ ಸ್ವಲ್ಪ ತಡವಾಗಿ, ನಗಬಹುದಾ ಎಂದು ಒಳಗೆ ಯಾರನ್ನೋ ಕೇಳಿಕೊಂಡು ಬಂದವರ ಹಾಗೆ.

"ನಾನು ಟೀ ಬಿಟ್ಟು ಬೇರೇನೂ ಕುಡಿಯಲ್ಲ," ಅಂದರು. "ಅದೂ ಯಾರಾದ್ರೂ ಕೊಟ್ರೆ."

ಅಷ್ಟು ಹೇಳಿದ್ದಕ್ಕೇ ಅವರ ಕಿವಿ ಕೆಂಪಾಯಿತು. ಆ ಕಿವಿಗಳನ್ನು ಇನ್ನೂ ಸ್ವಲ್ಪ ಹೊತ್ತು ನೋಡಬೇಕು ಅನ್ನಿಸಿತು. ಅದಕ್ಕೇ ನಾನು ಮುಖ ತಿರುಗಿಸಿ ಎಂಜಿನ್ ನೋಡಲು ಹೋದೆ.

ನಮ್ಮದು ಸಣ್ಣ ಏರ್‌ಫೀಲ್ಡ್. ಒಂದು ರನ್‌ವೇ, ಎರಡು ಹ್ಯಾಂಗರ್, ರೇಡಿಯೋ ರೂಮಿನಲ್ಲಿ ಕೂರುವ ಒಬ್ಬರು ಅಜ್ಜ, ಮತ್ತು ಮೆಕ್ಯಾನಿಕ್ ಆಗಿ ನಾನೊಬ್ಬಳು. ಎಲ್ಲರೂ ನನ್ನನ್ನು ಸ್ಪ್ಯಾನರ್ ಎನ್ನುತ್ತಾರೆ. ಇಲ್ಲಿಗೆ ಬರುವವರೆಲ್ಲ ಹಾರಿಹೋಗುವುದಕ್ಕೇ ಬರುತ್ತಾರೆ. ನಾನು ಬೋಲ್ಟು ಬಿಗಿ ಮಾಡಿ, ಕೈ ಒರೆಸಿಕೊಂಡು, ಅವರು ಚುಕ್ಕೆಯಾಗುವವರೆಗೆ ನೋಡಿ, ಒಳಗೆ ಹೋಗಿ ಊಟದ ಡಬ್ಬಿ ತೆಗೆಯುತ್ತೇನೆ. ಬೇಸರ ಅಂತಲ್ಲ. ಸರಿ, ಬೇಸರವೇ ಅಂತಿಟ್ಟುಕೊಳ್ಳಿ.

ಈ ಕೆಂಪು ಕಿವಿಯವರು ದನದ ಡಾಕ್ಟರು. ವಿಮಾನವನ್ನು ಅವರೇ ತಮ್ಮ ಮನೆಯಲ್ಲಿ ಕೂತು ಕಟ್ಟಿದ್ದು. ತಾಯಿ ತೀರಿಕೊಂಡ ಮೇಲೆ ಮನೆ ತೀರಾ ದೊಡ್ಡದಾಯಿತಂತೆ. ಸಂಜೆ ಬಂದು ಲೈಟ್ ಹಾಕಿದರೆ ಹಾಲ್‌ನಲ್ಲಿ ತಮ್ಮ ಚಪ್ಪಲಿಯ ಸದ್ದು ಬಿಟ್ಟು ಬೇರೇನೂ ಕೇಳುತ್ತಿರಲಿಲ್ಲ. ನಕ್ಷೆ ತರಿಸಿದರು, ತಗಡು ತರಿಸಿದರು. ರೆಕ್ಕೆ ಹಾಲ್‌ನಲ್ಲಿ, ಬಾಲ ತಾಯಿಯ ರೂಮಿನಲ್ಲಿ, ತಗಡು ಜೋಡಿಸುವ ರಿವೆಟ್ ಡಬ್ಬಿಗಳು ಅಡುಗೆಮನೆಯ ಕಪಾಟಿನಲ್ಲಿ. "ಅಣ್ಣಾ, ಊಟದ ಟೇಬಲ್ ಮೇಲೆ ಪ್ರೊಪೆಲ್ಲರ್ ಇಟ್ಕೊಂಡ್ರೆ ಯಾವ ಹುಡುಗಿ ಬರ್ತಾಳೆ?" ಎಂದು ತಂಗಿ ಫೋನಿನಲ್ಲಿ ಬೈಯುತ್ತಿದ್ದಳಂತೆ. ನಕ್ಷೆಯಲ್ಲಿ ಎರಡು ಸೀಟಿತ್ತು, ಎರಡು ಸೀಟು ಮಾಡಿದರು. ಬಲಗಡೆಯದರಲ್ಲಿ ಯಾರೂ ಕೂತಿರಲಿಲ್ಲ. ಪ್ಲಾಸ್ಟಿಕ್ ಹೊದಿಕೆ ಕೂಡ ತೆಗೆದಿರಲಿಲ್ಲ.

ಈಗ ಅವರಿಗೆ ಸಮುದ್ರದಾಚೆಯ ಒಂದು ದ್ವೀಪಕ್ಕೆ ವರ್ಗವಾಗಿತ್ತು. ಅಲ್ಲಿ ಕುರಿ, ಹಸು, ಕುದುರೆಗಳಿದ್ದವು, ಡಾಕ್ಟರು ಇರಲಿಲ್ಲ. ಬೋಟ್ ಯಾವಾಗಲೋ ಒಮ್ಮೆ. ತಿಂಗಳ ಕೊನೆಗೆ ತಮ್ಮ ವಿಮಾನದಲ್ಲೇ ಹೋಗಿ ಕೆಲಸಕ್ಕೆ ಸೇರುವುದು ಅವರ ಆಸೆ. ಆದರೆ ಹಾರಿ ಬಂದಾಗಲೆಲ್ಲ ಟ್ಯಾಂಕಿನಲ್ಲಿ ಇರಬೇಕಾದಷ್ಟು ಪೆಟ್ರೋಲ್ ಇರುತ್ತಿರಲಿಲ್ಲ. ಒಂದು ಬಕೆಟ್ಟಿನಷ್ಟು ಎಲ್ಲಿಗೋ ಹೋಗಿರುತ್ತಿತ್ತು. ನೆಲದ ಮೇಲಾದರೆ ನಡೆಯುತ್ತದೆ, ನೀರಿನ ಮೇಲೆ ನಡೆಯುವುದಿಲ್ಲ.

"ಇದನ್ನ ಹುಡುಕಿ ಕೊಡ್ತೀರಾ?" ಎಂದು ಕೇಳಿದರು.

ಹುಡುಕಿ ಕೊಟ್ಟರೆ ಅವರು ಹೋಗುತ್ತಾರೆ. ಆ ಮೊದಲ ದಿನ ಅದರಿಂದ ನನಗೇನೂ ಆಗಬೇಕಿರಲಿಲ್ಲ. "ಅದೇ ನನ್ನ ಕೆಲಸ," ಅಂದೆ.

ರೆಕ್ಕೆಗೊಂದು ಟ್ಯಾಂಕು. ಕಡಿಮೆಯಾಗುತ್ತಿದ್ದದ್ದು ಎಡಗಡೆಯದು. ಹಾಗಾಗಿ ನಾನು ಎಡಗಡೆಯ ರೆಕ್ಕೆಯ ಬೆನ್ನು ಹತ್ತಿದೆ. ಪ್ರತಿ ಜಾಯಿಂಟಿಗೂ ಸೋಪಿನ ನೀರು ಬಳಿದೆ, ಒಂದು ಗುಳ್ಳೆಯೂ ಏಳಲಿಲ್ಲ. ಪೈಪುಗಳಿಗೆಲ್ಲ ಪೌಡರ್ ಹಚ್ಚಿದೆ, ಒಂದು ಒದ್ದೆ ಗೆರೆಯೂ ಮೂಡಲಿಲ್ಲ. ಮುಚ್ಚಳದ ರಬ್ಬರ್ ಬದಲಾಯಿಸಿದೆ. ಕೆಳಗೆ ಬಿಳಿ ಕಾಗದ ಹಾಸಿ ಇಡೀ ದಿನ ಬಿಟ್ಟೆ, ಹಕ್ಕಿ ಹಿಕ್ಕೆ ಹಾಕಿತೇ ಹೊರತು ಪೆಟ್ರೋಲ್ ಬೀಳಲಿಲ್ಲ. ಹ್ಯಾಂಗರ್ ಬಾಗಿಲಲ್ಲಿ ನಿಲ್ಲಿಸಿ, ಬೆಂಕಿಯ ಭಯಕ್ಕೆ ಎರಡೂ ಟ್ಯಾಂಕನ್ನು ಅರ್ಧ ಮಾತ್ರ ತುಂಬಿ, ಎಂಜಿನ್ ಓಡಿಸಿದೆ. ಲೆಕ್ಕ ಸರಿಯಾಗಿತ್ತು.

ಅವರು ಆಸ್ಪತ್ರೆ ಮುಗಿಸಿ ಸಂಜೆ ಸಂಜೆ ಬರುತ್ತಿದ್ದರು, ಗಂಬೂಟಿನಲ್ಲಿ, ಹುಲ್ಲಿನ ವಾಸನೆ ಹೊತ್ತುಕೊಂಡು. ನಾನು ರೆಕ್ಕೆಯ ಕೆಳಗೆ ಮಲಗಿರುವಾಗ ಟಾರ್ಚ್ ಹಿಡಿಯುತ್ತಿದ್ದರು. ಟಾರ್ಚ್ ಹಿಡಿಯುವುದು ಸುಲಭ ಎಂದು ಎಲ್ಲರೂ ತಿಳಿದುಕೊಂಡಿರುತ್ತಾರೆ. ಬಹಳ ಜನ ತಮ್ಮ ಕಣ್ಣು ಹೋದ ಕಡೆ ಬೆಳಕು ಬಿಡುತ್ತಾರೆ. ಅವರು ನನ್ನ ಕೈ ಹೋದ ಕಡೆ ಬಿಡುತ್ತಿದ್ದರು.

"ಎಲ್ಲಿ ಕಲಿತ್ರಿ?"

"ಹಸು ಕರು ಹಾಕುವಾಗ. ಬೆಳಕು ತಪ್ಪಿದ್ರೆ ನಮ್ಮ ಸೀನಿಯರ್ ಒದೀತಿದ್ರು."

"ಹಸುನಾ, ಸೀನಿಯರ್ರಾ?"

"ಇಬ್ಬರೂ."

ನಕ್ಕು ನಕ್ಕು ನನ್ನ ಕೈಯಿಂದ ಸ್ಪ್ಯಾನರ್ ಜಾರಿ ಹಣೆಗೆ ಬಿತ್ತು. ಅವರು ಕರ್ಚೀಫ್ ಒದ್ದೆ ಮಾಡಿ ಒತ್ತಿ ಹಿಡಿದರು. "ಅಲ್ಲಾಡಬೇಡಿ," ಅಂದರು, ಹಸುವಿಗೆ ಹೇಳುವ ದನಿಯಲ್ಲೇ ಇರಬೇಕು. ನಾನು ಹಸುವಿಗಿಂತ ಸುಮ್ಮನಿದ್ದೆ. ಕಣ್ಣು ಮುಚ್ಚಿದ್ದೆ, ಆದರೂ ಅವರು ಎಲ್ಲಿ ನೋಡುತ್ತಿದ್ದಾರೆ ಎಂದು ಗೊತ್ತಾಗುತ್ತಿತ್ತು.

ಅಂದು ಮನೆಗೆ ಹೋದಾಗ ಚಿಕ್ಕಮ್ಮ ಟಿವಿಯಿಂದ ಕಣ್ಣು ತೆಗೆಯದೆ, "ಹಣೆಗೇನಾಯ್ತು?" ಎಂದಳು.

"ಸ್ಪ್ಯಾನರ್ ಬಿತ್ತು."

"ಬಿದ್ದಿದ್ದಕ್ಕೆ ಇಷ್ಟು ಖುಷಿನಾ?"

ನಾನು ಬಟ್ಟೆ ಒಗೆಯಲು ಹೋದೆ. ಕರ್ಚೀಫ್ ನನ್ನ ಜೇಬಿನಲ್ಲೇ ಉಳಿದಿತ್ತು.

ಹೊಸ ವಿಮಾನದ ಮೊದಲ ಹಾರಾಟಗಳನ್ನು ಕಟ್ಟಿದವರು ಒಬ್ಬರೇ ಮಾಡಬೇಕು, ಜೊತೆಗೆ ಯಾರನ್ನೂ ಕೂರಿಸುವ ಹಾಗಿಲ್ಲ. ಅದು ನಿಯಮ. ಆ ಗಂಟೆಗಳು ಮುಗಿದ ವಾರವೇ ನಾನು ಹೇಳಿದೆ, "ನೆಲದ ಮೇಲೆ ಇದು ಸಾಧು. ಮೇಲೆ ಹೋದಾಗ ಏನು ಆಟ ಆಡತ್ತೆ ಅಂತ ನಾನೇ ನೋಡ್ಬೇಕು."

ಬಲಗಡೆ ಸೀಟಿನ ಪ್ಲಾಸ್ಟಿಕ್ ಹೊದಿಕೆಯನ್ನು ಅವರೇ ತೆಗೆದರು. ಹಾಸಿಗೆ ಕೊಡವುವ ಹಾಗೆ ಎರಡು ಸಲ ಸೀಟು ಕೊಡವಿದರು. ನಾನು ಟೂಲ್ ಬ್ಯಾಗ್ ಕಾಲ ಬಳಿ ಇಟ್ಟುಕೊಂಡು ಕೂತೆ. ಒಳಗೆ ಎಷ್ಟು ಇಕ್ಕಟ್ಟೆಂದರೆ ಭುಜಕ್ಕೆ ಭುಜ ತಾಗುತ್ತಿತ್ತು. ಇಬ್ಬರೂ ತಾಗುತ್ತಿಲ್ಲವೆಂಬಂತೆ ನೇರ ನೋಡುತ್ತಿದ್ದೆವು.

ಇಷ್ಟು ವರ್ಷದಲ್ಲಿ ನಾನು ಮೇಲಿನಿಂದ ನಮ್ಮ ಹ್ಯಾಂಗರ್ ನೋಡಿದ್ದು ಬಹಳ ಕಡಿಮೆ. ಬೆಂಕಿಪೊಟ್ಟಣದಷ್ಟಿತ್ತು. ಅಲ್ಲಿ ಅದರೊಳಗೆ ನನ್ನ ಸ್ಟೂಲು, ನನ್ನ ಮಗ್ಗು, ನನ್ನ ಒಂಟಿ ಕೋಟು ನೇತಾಡುವ ಮೊಳೆ. ನಾನು ಸೀಟಿನ ಅಂಚು ಹಿಡಿದುಕೊಂಡೆ.

"ಭಯನಾ?" ಹೆಡ್‌ಸೆಟ್‌ನಲ್ಲಿ ಅವರ ದನಿ ಕಿವಿಯೊಳಗೇ ಕೇಳಿತು.

"ನೀವು ಹೊಡೆದ ರಿವೆಟ್ ನೋಡಿದ್ದೀನಲ್ಲ. ಭಯ ಇರದೆ ಇರತ್ತಾ?"

ಅವರು ನನ್ನ ಕಡೆ ತಿರುಗಿ ನಕ್ಕರು. ಈ ಸಲ ತಡವಾಗಲಿಲ್ಲ.

ಇಳಿದು ಕಡ್ಡಿ ಹಾಕಿ ನೋಡಿದೆವು. ಎರಡೂ ಟ್ಯಾಂಕು ಸೇರಿಸಿ ಲೆಕ್ಕ ಹಾಕಿದರೆ ಒಂದು ಲೋಟವೂ ವ್ಯತ್ಯಾಸವಿಲ್ಲ.

"ಹೇಗೆ ಓಡಿಸಿದ್ರಿ? ಯಾವಾಗಿನ ಹಾಗೇನಾ?"

"ಹೂಂ. ಅರ್ಧ ದಾರಿ ಒಂದು ಟ್ಯಾಂಕು, ಇನ್ನರ್ಧ ಇನ್ನೊಂದು," ಎನ್ನುತ್ತ ಅವರು ಬೂಟಿನ ಮಣ್ಣು ಕೆರೆಯತೊಡಗಿದರು.

ಮರುದಿನ ಒಬ್ಬರೇ ಹಾರಿದರು. ಬಕೆಟ್ ಪೆಟ್ರೋಲ್ ಮಾಯ. ಮತ್ತೆ ನಾನು ಕೂತೆ, ಎಲ್ಲ ಸರಿ. ಮತ್ತೆ ಒಬ್ಬರೇ, ಮತ್ತೆ ಮಾಯ. ನನ್ನ ತಲೆ ಕೆಟ್ಟು ಹೋಯಿತು. ಹೆಣ್ಣಿನ ಮುಖ ನೋಡಿ ಸೋರುವುದನ್ನು ನಿಲ್ಲಿಸುವ ಟ್ಯಾಂಕನ್ನು ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ.

ಹಾಗೆ ನೋಡಿದರೆ ಆ ದಿನಗಳು ಚೆನ್ನಾಗಿದ್ದವು. ಅವರು ನನಗೆ ಕೆಳಗಿನ ಹೊಲದಲ್ಲಿ ತಾವು ಬದುಕಿಸಿದ ಕರುವನ್ನು ತೋರಿಸುತ್ತಿದ್ದರು, ಅಷ್ಟೆತ್ತರದಿಂದ ಅದು ಕರುವೋ ಕಲ್ಲೋ ಗೊತ್ತಾಗದಿದ್ದರೂ ನಾನು ತಲೆಯಾಡಿಸುತ್ತಿದ್ದೆ. ಇಳಿದ ಮೇಲೆ ಟೀ. ಅವರು ನನ್ನ ಮಗ್ಗಿನಲ್ಲಿ, ನಾನು ಬೋಲ್ಟು ಹಾಕಿಡುವ ಸ್ಟೀಲ್ ಲೋಟ ತೊಳೆದು ಅದರಲ್ಲಿ. ತಿಂಗಳು ಮಾತ್ರ ಕರಗುತ್ತಿತ್ತು. ನನಗೆ ಕಾರಣ ಸಿಗದಿರಲಿ ಎಂದು ಒಂದು ಮನಸ್ಸು, ಸಿಗದೆ ಹೋದರೂ ಇವರು ಹಟ ಹಿಡಿದು ಸಮುದ್ರ ದಾಟಲು ಹೊರಟರೆ ಎಂದು ಇನ್ನೊಂದು. ಎರಡರ ನಡುವೆ ನಿದ್ದೆ ಹಾಳಾಗಿತ್ತು.

ಆಗ ರೇಡಿಯೋ ಅಜ್ಜ ಬಾಯಿ ಬಿಟ್ಟರು. "ಸ್ಪ್ಯಾನರ್, ನಿನಗೆ ಎಂಜಿನ್ ಬಿಟ್ಟು ಬೇರೇನೂ ಅರ್ಥ ಆಗಲ್ವೇನಮ್ಮಾ? ನೀನಿದ್ರೆ ಸೋರಲ್ಲ, ನೀನಿಲ್ದಿದ್ರೆ ಸೋರತ್ತೆ. ಡಾಕ್ಟ್ರು ಸಂಜೆ ಯಾವುದೋ ಮೂಲೇಲಿ ಪೆಟ್ರೋಲ್ ತೆಗೆದು ಚೆಲ್ತಾರೆ. ನಿನ್ನ ಜೊತೆ ಕೂರೋಕೆ ಒಂದು ನೆಪ ಬೇಡ್ವಾ?"

ಅವರು ತಮಾಷೆಗೆ ಹೇಳಿದ್ದು. ನನಗೆ ಮೈಯೆಲ್ಲ ಉರಿಯಿತು. ಬೇರೆ ಹೆಂಗಸಾದರೆ ನಾಚಿಕೊಳ್ಳುತ್ತಿದ್ದಳೋ ಏನೋ. ನಾನು ವಾರಗಟ್ಟಲೆ ಅಂಗಾತ ಮಲಗಿ, ಬೆರಳು ಸುಲಿಸಿಕೊಂಡು ಹುಡುಕಿದ ಸೋರಿಕೆ ಸುಳ್ಳೆಂದರೆ, ಅವರು ನನ್ನ ಕೆಲಸವನ್ನು ಆಟಿಕೆ ಮಾಡಿಕೊಂಡಿದ್ದರು ಎಂದರ್ಥ. ನನಗಿರುವುದು ಅದೊಂದೇ.

ಸಂಜೆ ಅವರು ಬಂದ ಕೂಡಲೇ ಮುಖಕ್ಕೇ ಕೇಳಿದೆ. "ನಿಜ ಹೇಳಿ. ಪೆಟ್ರೋಲ್ ನೀವೇ ಚೆಲ್ತಿದ್ದೀರಾ?"

ಅವರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಮುಖದ ಬಣ್ಣವೆಲ್ಲ ಇಳಿದುಹೋಯಿತು. "ನಾನ್ಯಾಕೆ ಚೆಲ್ಲಲಿ?"

"ನನ್ನ ಜೊತೆ ಸುತ್ತೋಕೆ. ಇಷ್ಟ ಇದ್ರೆ ಬಾಯಿಬಿಟ್ಟು ಕೇಳ್ಬೇಕು. ನನ್ನನ್ನ ಮಂಗ ಮಾಡಬಾರದು."

"ಕೇಳೋಕೆ ಧೈರ್ಯ ಇಲ್ಲ ಅನ್ನೋದು ನಿಜ," ಅಂದರು. "ಚೆಲ್ಲಿದ್ದು ನಿಜ ಅಲ್ಲ." ಟಾರ್ಚನ್ನು ನನ್ನ ಸ್ಟೂಲಿನ ಮೇಲಿಟ್ಟು ಹೋದರು.

ಆಮೇಲಿನ ದಿನಗಳಲ್ಲಿ ಅವರು ಬರಲಿಲ್ಲ. ನಾನು ಬೇರೆಯವರ ಎಂಜಿನ್ ಬಿಚ್ಚಿದೆ, ಜೋಡಿಸಿದೆ. ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಕೆಲಸ ಮಾಡುವಾಗ ದವಡೆ ನೋಯುತ್ತಿತ್ತು. ಇಷ್ಟು ವರ್ಷ ಹಾಗೇ ಮಾಡಿದ್ದೆ, ಎಂದೂ ನೋವಾಗಿರಲಿಲ್ಲ. ಹ್ಯಾಂಗರಿನ ತಗಡಿನ ಮೇಲೆ ಪಾರಿವಾಳ ನಡೆಯುವ ಸದ್ದು ಕೂಡ ಕೇಳುವಷ್ಟು ಮೌನ. "ಒಬ್ಬಳೇ ಮಾತಾಡಿಕೊಳ್ತಿದ್ದೀಯಲ್ಲೇ," ಎಂದಳು ಚಿಕ್ಕಮ್ಮ. ನನಗೆ ಗೊತ್ತೇ ಇರಲಿಲ್ಲ.

ಒಂದು ಬೆಳಿಗ್ಗೆ ಅವರ ವಿಮಾನ ಏರಿದ ಸದ್ದಾಯಿತು. ಮುಂಚೆ ಹೇಳಿಯೂ ಇರಲಿಲ್ಲ. ಇಳಿದು ನೇರ ನನ್ನ ಹ್ಯಾಂಗರ್ ಮುಂದೆಯೇ ತಂದು ನಿಲ್ಲಿಸಿದರು. ಎಂಜಿನ್ ಆರಿಸಿ, ಸ್ವಲ್ಪ ದೂರ ಹೋಗಿ ನಿಂತು, ಕೈ ಎರಡೂ ಬೆನ್ನ ಹಿಂದೆ ಕಟ್ಟಿಕೊಂಡರು. "ನೀವೇ ಅಳೀರಿ. ನಾನು ಮುಟ್ಟಲ್ಲ. ಏರೋಕೆ ಮುಂಚೆ ಅಜ್ಜನೇ ನೋಡಿ ಎರಡೂ ಟ್ಯಾಂಕು ಫುಲ್ ಮಾಡಿಸಿದ್ದಾರೆ."

ಅಳೆದೆ. ಎಡಗಡೆ ಕಡ್ಡಿಯ ತುದಿ ಮಾತ್ರ ಒದ್ದೆಯಾಯಿತು. ಇನ್ನು ಸ್ವಲ್ಪ ಹೊತ್ತು ಆ ಟ್ಯಾಂಕಿನಲ್ಲೇ ಹಾರಿದ್ದರೆ ಎಂಜಿನ್ ಗಾಳಿಯಲ್ಲೇ ನಿಲ್ಲುತ್ತಿತ್ತು.

ಕಡ್ಡಿಯನ್ನು ಒರೆಸಿ ಕೆಳಗಿಟ್ಟೆ. ಕ್ಷಮೆ ಕೇಳುವುದು ನನಗೆ ಬರುವುದಿಲ್ಲ, ಆದರೂ ಕೇಳಿದೆ. "ತಪ್ಪಾಯ್ತು. ನಾನು ಹಾಗನ್ನಬಾರದಿತ್ತು."

"ಇರ್ಲಿ ಬಿಡಿ."

"ಬಿಡಲ್ಲ. ಇಲ್ಲಿ ಬನ್ನಿ. ನಾನು ಕೂತಾಗ ನೀವು ಏನು ಬೇರೆ ಮಾಡ್ತೀರಿ? ಏನೋ ಒಂದು ಮಾಡ್ತೀರಿ. ನೆನಪು ಮಾಡ್ಕೊಳ್ಳಿ."

"ಏನೂ ಇಲ್ಲ."

ಕಿವಿ ಕೆಂಪಾಯಿತು. ಆ ಕಿವಿಗಳ ಭಾಷೆ ನನಗೆ ಅಷ್ಟರಲ್ಲಿ ಚೆನ್ನಾಗಿ ಬರುತ್ತಿತ್ತು. "ಡಾಕ್ಟ್ರೇ, ಹೇಳಿ."

ಅವರು ರನ್‌ವೇ ನೋಡಿದರು, ಆಕಾಶ ನೋಡಿದರು, ನನ್ನ ಟೂಲ್ ಬ್ಯಾಗ್ ನೋಡಿದರು. "ಒಬ್ಬನೇ ಹೋದ್ರೆ ನನ್ನ ಭಾರಕ್ಕೆ ಎಡಗಡೆ ವಾಲತ್ತೆ. ಅದಕ್ಕೇ ಮೊದಲು ಎಡಗಡೆ ಟ್ಯಾಂಕಿಂದ ಶುರು ಮಾಡ್ತೀನಿ, ಆ ಕಡೆ ಬೇಗ ಹಗುರ ಆಗ್ಲಿ ಅಂತ. ನೀವು ಬಂದ್ರೆ..." ನಿಲ್ಲಿಸಿದರು.

"ನಾನು ಬಂದ್ರೆ?"

"ಬಲಗಡೆಯಿಂದ ಶುರು ಮಾಡ್ತೀನಿ. ಟ್ಯಾಂಕ್ ಬದಲಿಸೋ ಹಿಡಿಕೆ ನನ್ನ ಎಡಗಡೆ ಗೋಡೇಲಿದೆಯಲ್ಲ, ನಿಮಗೆ ಕಾಣ್ಸಲ್ಲ."

"ಬಲಗಡೆಯಿಂದ ಯಾಕೆ?"

"ನಿಮ್ಮ ಟೂಲ್ ಬ್ಯಾಗು ಸ್ವಲ್ಪ ಭಾರ..."

ನಾನು ಅವರನ್ನೇ ನೋಡಿದೆ. ತೂಕದಲ್ಲಿ ಅವರು ಹಗ್ಗದಂಥ ಮನುಷ್ಯ. ನಾನು ಹಾಗಲ್ಲ. "ಬ್ಯಾಗು?"

"ಬ್ಯಾಗೇ," ಅಂದರು ದೀನವಾಗಿ. "ನಿಮಗೆ ಬೇಜಾರಾಗತ್ತೆ ಅಂತ ಹೇಳ್ಲಿಲ್ಲ."

ನಗು ಉಕ್ಕಿ ಬಂತು. ಅರ್ಧ ನಕ್ಕಿದ್ದೆ, ಹಾಗೇ ನಿಂತುಬಿಟ್ಟೆ. ಬಾಯಿ ತೆರೆದಿದ್ದು ತೆರೆದ ಹಾಗೇ. ಪ್ರಶ್ನೆ ಯಾವ ಟ್ಯಾಂಕು ಎನ್ನುವುದಲ್ಲ, ಯಾವುದು ಮೊದಲು ಎನ್ನುವುದು. ಅದನ್ನು ನಾನು ಕೇಳಿಯೇ ಇರಲಿಲ್ಲ, ಅವರು ಮರ್ಯಾದೆಗೆ ಹೇಳಿಯೇ ಇರಲಿಲ್ಲ.

"ತಳ್ಳಿ, ದೂರ ತಳ್ಳಿ!" ಎಂದು ಕೂಗಿದೆ. ಇಬ್ಬರೂ ವಿಮಾನವನ್ನು ಬಯಲಿಗೆ ತಳ್ಳಿದೆವು. ಎರಡೂ ಟ್ಯಾಂಕನ್ನು ಕತ್ತಿನ ತನಕ ತುಂಬಿಸಿದೆ. ಚಕ್ರಕ್ಕೆ ಅಡ್ಡ ಕೊಟ್ಟು, ಎಡಗಡೆಯಿಂದ ಎಂಜಿನ್ ಓಡಿಸಲು ಹೇಳಿ, ನಾನು ಬಲಗಡೆಯ ರೆಕ್ಕೆಯ ಕೆಳಗೆ ಕೂತೆ. ಇಷ್ಟು ದಿನ ತಿರುಗಿಯೂ ನೋಡದ ಬಲಗಡೆ.

ಸ್ವಲ್ಪ ಹೊತ್ತಿನಲ್ಲೇ, ಟ್ಯಾಂಕಿಗೆ ಗಾಳಿಯಾಡಲು ಬಿಟ್ಟ ಕಡ್ಡಿಯಷ್ಟು ಸಣ್ಣ ಕೊಳವೆಯಿಂದ ಒಂದು ಹನಿ ಇಳಿಯಿತು. ಇನ್ನೊಂದು. ಆಮೇಲೆ ದಾರದ ಹಾಗೆ ಧಾರೆ.

ನಕ್ಷೆಯಲ್ಲಿದ್ದದ್ದು ಹಳೇ ಮಾದರಿಯ ಎಂಜಿನ್. ಅವರು ಹಾಕಿದ್ದು ಹೊಸದು. ಈ ಹೊಸ ಎಂಜಿನ್ ತನಗೆ ಬೇಕಾದ್ದಕ್ಕಿಂತ ಹೆಚ್ಚು ಪೆಟ್ರೋಲ್ ಎಳೆದುಕೊಂಡು, ಉಳಿದದ್ದನ್ನು ಇನ್ನೊಂದು ಪೈಪಿನಲ್ಲಿ ವಾಪಸ್ ಕಳಿಸುತ್ತದೆ. ಆ ಪೈಪನ್ನು ಅವರು ಹತ್ತಿರ ಎಂದು ಬಲಗಡೆ ಟ್ಯಾಂಕಿಗೆ ಸೇರಿಸಿದ್ದರು. ಎಡಗಡೆಯಿಂದ ಎಳೆದದ್ದು ಬಲಗಡೆಗೆ ಹೋಗಿ, ಅಲ್ಲಿ ಜಾಗವಿಲ್ಲದೆ, ಕೊಳವೆಯಿಂದ ಹೊರಗೆ ಬೀಳುತ್ತಿತ್ತು. ಗಾಳಿಯಲ್ಲಿ ಆವಿಯಾಗಿ ಹೋದರೆ ಕಲೆ ಎಲ್ಲಿಂದ ಬರಬೇಕು? ಮೊದಲು ಬಲಗಡೆಯದನ್ನೇ ಬಳಸಿದರೆ ಅಲ್ಲಿ ಜಾಗವಾಗುತ್ತದೆ, ಒಂದು ಹನಿಯೂ ಚೆಲ್ಲುವುದಿಲ್ಲ. ಹ್ಯಾಂಗರ್ ಬಾಗಿಲಲ್ಲಿ ಅರ್ಧ ತುಂಬಿ ಓಡಿಸಿದಾಗ ಲೆಕ್ಕ ಸರಿಬಂದದ್ದೂ ಅದಕ್ಕೇ. ನಾನು ಆ ಪೈಪನ್ನೂ ಪರೀಕ್ಷೆ ಮಾಡಿದ್ದೆ. ಅದು ಎಲ್ಲೂ ಸೋರುತ್ತಿರಲಿಲ್ಲ, ತನ್ನ ಕೆಲಸವನ್ನು ಚಾಚೂ ತಪ್ಪದೆ ಮಾಡುತ್ತಿತ್ತು.

ಅವರು ಎಂಜಿನ್ ನಿಲ್ಲಿಸಿ ಬಂದು ನನ್ನ ಪಕ್ಕ ಕೂತು ನೋಡಿದರು. ಮಣ್ಣಿನಲ್ಲಿ ಒದ್ದೆ ಕಲೆ ನಾವು ನೋಡುತ್ತಿದ್ದ ಹಾಗೇ ಒಣಗುತ್ತಿತ್ತು.

"ಅಂದ್ರೆ ಒಬ್ಬನೇ ಹೋದ್ರೆ ಮಾತ್ರ," ಅಂದರು.

"ಹೂಂ. ಒಬ್ಬರೇ ಹೋದ್ರೆ ಮಾತ್ರ."

"ಹಾಗಾದ್ರೆ ರಿಪೇರಿ ಮಾಡಬೇಡಿ." ಅವರ ದನಿ ಸಣ್ಣಗಾಯಿತು. "ನೀವೇ ಬನ್ನಿ. ದ್ವೀಪಕ್ಕೆ. ನೀವಿದ್ರೆ ಇದು ಸರಿಯಾಗಿ ಹಾರತ್ತೆ. ನೀವಿದ್ರೆ ನಾನೂ ಸರಿಯಾಗಿರ್ತೀನಿ."

ಈ ಮಾತಿಗಾಗಿ ನಾನು ಎಷ್ಟು ದಿನದಿಂದ ಕಾದಿದ್ದೆನೋ ನನಗೇ ಗೊತ್ತು. ಕೇಳಿದ ಕೂಡಲೇ ಹೂಂ ಎನ್ನುವ ಮಾತು ನಾಲಿಗೆಯ ತುದಿಗೇ ಬಂತು. ಆದರೆ ಅಲ್ಲೇ ಏನೋ ಚುಚ್ಚಿತು.

"ವಾಲೋ ವಿಮಾನಕ್ಕೆ ಆ ಕಡೆ ಸೀಟಲ್ಲಿ ಮರಳಿನ ಮೂಟೆ ಇಡ್ತಾರೆ ಗೊತ್ತಾ? ನಾನು ಮೂಟೆ ಅಲ್ಲ."

"ನಾನು ಹಾಗಂದೆನಾ?"

"ಹಾಗೇ ಅಂದ್ರಿ. ನೀವು ಒಂಟಿ, ನಾನೂ ಒಂಟಿ. ಒಂಟಿತನ ಭಾರ ಅಂತ ಇನ್ನೊಬ್ಬರನ್ನ ಪಕ್ಕದಲ್ಲಿ ಕೂರಿಸಿಕೊಂಡ್ರೆ, ಭಾರ ಹೋದ ದಿನ ಏನು ಮಾಡ್ತೀರಿ?" ನನ್ನ ದನಿ ಒಡೆಯಿತು, ಸರಿ ಮಾಡಿಕೊಳ್ಳಲು ಹೋಗಲಿಲ್ಲ. "ನನಗೆ ನೀವು ಇಷ್ಟ. ಬಹಳ ಇಷ್ಟ. ಅದಕ್ಕೇ ಹೇಳ್ತಿದ್ದೀನಿ. ನಾನು ಇದನ್ನ ರಿಪೇರಿ ಮಾಡ್ತೀನಿ. ನೀವು ಒಬ್ಬರೇ ಸಮುದ್ರ ದಾಟಿ. ನಾನಿಲ್ದೆ ಎಲ್ಲ ಸರಿಯಾಗಿದೆ ಅಂತ ನೋಡಿ. ಆಮೇಲೂ ಕೇಳ್ಬೇಕು ಅನ್ನಿಸಿದ್ರೆ ಕೇಳಿ."

ಅವರು ನನ್ನ ಕೈಯ ಗ್ರೀಸನ್ನು ತಮ್ಮ ತೋಳಿನಿಂದ ಒರೆಸಿದರು, ಒಂದೊಂದೇ ಬೆರಳು. ಆಮೇಲೆ ಎದ್ದು ಟಾರ್ಚ್ ತಂದರು.

ಎಳೆದ ಟ್ಯಾಂಕಿಗೇ ಉಳಿದದ್ದನ್ನು ವಾಪಸ್ ಕಳಿಸುವ ಜೋಡಿ ವಾಲ್ವ್ ಒಂದಿದೆ. ಅದನ್ನು ತರಿಸಿ ಹಾಕಿದೆ. ನಿಧಾನ ಮಾಡಬಹುದಿತ್ತು, ಯಾರೂ ಕೇಳುತ್ತಿರಲಿಲ್ಲ. ಅವರೂ "ಎರಡು ದಿನ ತಡ ಆದ್ರೆ ಪರವಾಗಿಲ್ಲ" ಎಂದು ಬೆಳಕು ಹಿಡಿದೇ ಹೇಳಿದರು. ನಿಧಾನ ಮಾಡಲು ನನ್ನ ಕೈಗೆ ಬರಲೇ ಇಲ್ಲ. ಇವರನ್ನು ನನ್ನಿಂದ ದೂರ ಕಳಿಸುವ ಪೈಪನ್ನು ನಾನೇ ಬಿಗಿ ಮಾಡಿದೆ, ಎರಡೆರಡು ಸಲ ಪರೀಕ್ಷಿಸಿದೆ.

ಹೊರಡುವ ಬೆಳಿಗ್ಗೆ ಆಕಾಶ ತಿಳಿಯಾಗಿತ್ತು. ಬಲಗಡೆ ಸೀಟಿನ ಮೇಲೆ ಅವರ ಸೂಟ್‌ಕೇಸ್ ಇತ್ತು, ಬೆಲ್ಟ್ ಹಾಕಿಸಿಕೊಂಡು. ನಾನು ಮುಚ್ಚಳ ನೋಡಿದೆ, ಚಕ್ರ ನೋಡಿದೆ, ಮುಖ ನೋಡಲಿಲ್ಲ. "ಹೋಗಿ ಬನ್ನಿ" ಅನ್ನಬೇಕೋ "ಹೋಗಿ" ಅನ್ನಬೇಕೋ ತಿಳಿಯದೆ ರೆಕ್ಕೆ ತಟ್ಟಿದೆ. ಅವರು ಏನೋ ಹೇಳಿದರು, ಎಂಜಿನ್ ಸದ್ದಿನಲ್ಲಿ ಕೇಳಿಸಲಿಲ್ಲ.

ಚುಕ್ಕೆಯಾಗುವವರೆಗೆ ನೋಡಿದೆ. ಈ ಸಲ ಊಟದ ಡಬ್ಬಿ ತೆಗೆಯಲಿಲ್ಲ, ರೇಡಿಯೋ ರೂಮಿಗೆ ಹೋದೆ. ಅಜ್ಜ ಕುರ್ಚಿ ಸರಿಸಿ ಕೊಟ್ಟರು. ಸ್ವಲ್ಪ ದೂರದವರೆಗೆ ದನಿ ಬರುತ್ತಿತ್ತು. "ಎಡಗಡೆಯಿಂದ ಶುರು ಮಾಡಿದ್ದೀನಿ. ಎಲ್ಲ ಸರಿ." ಆಮೇಲೆ ಗರಗರ. ಆಮೇಲೆ ಅದೂ ಇಲ್ಲ. ಸಮುದ್ರದ ನಡುವೆ ಯಾವ ಕಡೆಯ ರೇಡಿಯೋವೂ ಮುಟ್ಟದ ಒಂದು ಭಾಗವಿದೆ. ಆ ಹೊತ್ತು ಮನುಷ್ಯ ಅಲ್ಲಿ ಪೂರ್ತಿ ಒಂಟಿ. ಇಲ್ಲಿ ಕೂತವರೂ ಹಾಗೆಯೇ. ನಾನು ಆ ವಾಲ್ವಿನ ಒಂದೊಂದು ತಿರುಪನ್ನೂ ಮನಸ್ಸಿನಲ್ಲೇ ಮತ್ತೆ ಬಿಗಿ ಮಾಡಿದೆ.

ಚಿಕ್ಕಮ್ಮ ಫೋನ್ ಮಾಡಿದಳು. "ಹೋದನಾ?"

"ಹೋದ್ರು."

"ನೀನ್ಯಾಕೆ ಹೋಗ್ಲಿಲ್ಲ? ನನ್ನ ನೆಪ ಹೇಳ್ಬೇಡ. ನನಗೆ ಟಿವಿ ಇದೆ, ಪಕ್ಕದ ಮನೆಯವಳ ಜೊತೆ ಜಗಳ ಇದೆ."

"ಈ ಫೋನ್ ಖಾಲಿ ಇರ್ಬೇಕು. ಇಡು," ಅಂದೆ. ಇಟ್ಟಳು. ಜೀವನದಲ್ಲಿ ಮೊದಲ ಸಲ ಹೇಳಿದ ಮಾತು ಕೇಳಿದಳು.

ಕೊನೆಗೂ ಫೋನ್ ಬಂತು. ಹಿಂದೆ ಗಾಳಿ, ಕುರಿಗಳ ಸದ್ದು.

"ಇಳಿದೆ," ಅಂದರು. "ಅಳೆದೆ ಕೂಡ. ಎಡ, ಬಲ, ಎರಡೂ ಲೆಕ್ಕಕ್ಕೆ ಸರಿ. ಒಂದು ಹನಿ ಚೆಲ್ಲಿಲ್ಲ. ನೆಟ್ಟಗೆ ಹಾರಿತು."

"ಒಳ್ಳೇದು," ಅಂದೆ. ಕಣ್ಣು ತುಂಬಿ ಅಜ್ಜ, ಕಿಟಕಿ, ರನ್‌ವೇ ಎಲ್ಲ ಒಂದಾದವು.

"ಈ ವಿಮಾನಕ್ಕೆ ನೀವು ಬೇಡ ಅಂತ ಗೊತ್ತಾಯ್ತು."

"ಹೂಂ."

"ನನಗೆ ಬೇಕು. ದಾರಿ ಪೂರ್ತಿ ಸೂಟ್‌ಕೇಸ್ ಜೊತೆ ಮಾತಾಡ್ಕೊಂಡು ಬಂದೆ. ಅದು ನನ್ನ ರಿವೆಟ್‌ಗೆ ಒಂದು ಸಲನೂ ಬೈಲಿಲ್ಲ." ಹಿಂದೆ ಕುರಿಯೊಂದು ಅರಚಿತು. "ಕೇಳಿ ಅಂದಿದ್ರಲ್ಲ. ಕೇಳ್ತಿದ್ದೀನಿ."

ನನ್ನ ಬಾಯಿ, ನಲವತ್ತು ವರ್ಷ ಎಂದೂ ಕೈಕೊಡದ ಬಾಯಿ, ಅಂದು ಕೈಕೊಟ್ಟಿತು. ಏನಾದರೂ ಹೇಳಬೇಕಲ್ಲ ಎಂದು, "ಮುಚ್ಚಳದ ಹತ್ರ ಕಲೆ ಇದೆಯಾ, ನೋಡಿ ಬನ್ನಿ" ಅಂದೆ.

ಅವರು ಫೋನ್ ಅಲ್ಲೇ ಇಟ್ಟು ನಿಜವಾಗಿಯೂ ಓಡಿದರು. ಗಂಬೂಟಿನ ಸದ್ದು ದೂರ ಹೋಗುವುದು ಕೇಳಿತು. ಅಜ್ಜ ಬೆನ್ನು ತಿರುಗಿಸಿ, ಖಾಲಿ ಆಕಾಶವನ್ನು ಬಹಳ ಗಮನವಿಟ್ಟು ನೋಡುತ್ತಿದ್ದರು. ನಾನು ತೋಳಿನಿಂದ ಮುಖ ಒರೆಸಿಕೊಂಡೆ.

ಸದ್ದು ಹತ್ತಿರ ಬಂತು. "ಇಲ್ಲ," ಏದುಸಿರು. "ಎಲ್ಲೂ ಕಲೆ ಇಲ್ಲ."

"ಹಾಗಾದ್ರೆ ಭಾನುವಾರ ವಾಪಸ್ ಬರೋಕೆ ತೊಂದರೆ ಇಲ್ಲ. ಮನೆಗೆ ಬಂದು ಚಿಕ್ಕಮ್ಮನ ಹತ್ರ ಮಾತಾಡಿ. ಅವಳು ಮೊದಲು ನಿಮ್ಮನ್ನ ಬೈತಾಳೆ, ಹೆದರಬೇಡಿ."

"ಬೈಲಿ. ನೀವೇನಂತೀರಿ?"

"ಸೂಟ್‌ಕೇಸ್ ಅಲ್ಲೇ ಬಿಟ್ಟು ಬನ್ನಿ," ಅಂದೆ.